ಬೇಲಿಯಾಚೆ ಮಗಳ ಹೆರಿಗೆ

ರುಖಿಯಾ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗಲೆಲ್ಲ ಒಂದು ಗಳಿಗೆ ನಿಂತು ಬೇಲಿಯ ಕಡೆ ನೋಡುತ್ತಾಳೆ. ಬೇಲಿಯ ಈಚೆ ಒಮಾನಿನ ಬುರೈಮಿ, ಆಚೆ ಎಮಿರೇಟ್ಸಿನ ಅಲ್ ಐನ್. ಆಚೆ ಕಡೆ ಒಂದು ಖರ್ಜೂರದ ತೋಟ, ತೋಟದ ಹಿಂದೆ ನೀಲಿ ಬಣ್ಣದ ನೀರಿನ ಟ್ಯಾಂಕು. ಆ ಟ್ಯಾಂಕಿನಿಂದ ಮೂರನೇ ಬೀದಿಯಲ್ಲಿ ಅವಳ ಮಗಳು ಸಜ್ನಾಳ ಮನೆ. ಮದುವೆಯಾಗಿ ಹದಿನಾಲ್ಕು ತಿಂಗಳಾಯಿತು. ಮಗಳೇ ಎರಡು ಸಲ ಗಂಡನ ಜೊತೆ ಈ ಕಡೆ ಬಂದುಹೋದಳು. ರುಖಿಯಾ ಮಾತ್ರ ಒಂದು ಸಲವೂ ಆ ಮನೆಯ ಹೊಸ್ತಿಲು ತುಳಿದಿಲ್ಲ. ಕಣ್ಣಿಗೆ ಕಾಣುವ ಊರು ಕಾಲಿಗೆ ಸಿಗದ ಈ ಸಂಕಟ, ಕೊಲ್ಲಿ ದೇಶಗಳಲ್ಲಿ ದುಡಿಯುವ ಎಷ್ಟು ಮನೆಗಳಲ್ಲಿದೆಯೋ!

ಅವತ್ತು ತಾರಸಿಯಲ್ಲೇ ಫೋನು ಬಂತು.

"ಉಮ್ಮಾ, ಡಾಕ್ಟರು ಹೆರಿಗೆ ಇಪ್ಪತ್ತೆರಡನೇ ತಾರೀಕಿಗೆ ಅಂದಿದ್ದಾರೆ," ಅಂದಳು ಸಜ್ನಾ. "ಬಿಪಿ ಸ್ವಲ್ಪ ಜಾಸ್ತಿ ಇದೆಯಂತೆ. ವಿಮಾನ ಹತ್ತೋದು ಬೇಡವೇ ಬೇಡ ಅಂದ್ರು. ನಮ್ಮೂರು ವಳಾಂಚೇರಿಗೆ ಹೋಗೋದು ಇನ್ನು ಆಗಲ್ಲ."

"ಅಯ್ಯೋ, ಬೇಡ ಮಗಳೇ. ನೀನೆಲ್ಲೂ ಹೋಗ್ಬೇಡ."

"ಹಾಗಾದ್ರೆ ನೀನು ಬರ್ತೀಯಲ್ಲ? ನಂಗೆ ಹೆದರಿಕೆ ಆಗ್ತಿದೆ ಉಮ್ಮಾ."

"ಬರ್ದೆ ಇರ್ತೀನಾ? ಹಿಟ್ಟು ಹುರಿದಿಟ್ಟಿದ್ದೀನಿ, ಎಣ್ಣೆ ಕಾಯಿಸಿಟ್ಟಿದ್ದೀನಿ. ಬಂದೇ ಬರ್ತೀನಿ."

ಹೇಳಿದ್ದೇನೋ ಹೇಳಿಬಿಟ್ಟಳು. ಅವರ ಕಡೆ ಚೊಚ್ಚಲ ಹೆರಿಗೆ ತಾಯಿಯ ಜವಾಬ್ದಾರಿ. ಬಾಣಂತಿಗೆ ಮೈತುಂಬ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದು, ಮೆಂತ್ಯದ ಗಂಜಿ ಕುಡಿಸುವುದು, ನಲವತ್ತು ದಿನ ನೆಲಕ್ಕೆ ಕಾಲಿಡದಂತೆ ನೋಡಿಕೊಳ್ಳುವುದು, ಎಲ್ಲ ತಾಯಿಯೇ ಮಾಡಬೇಕು. ಮಗಳು ತಾಯಿಯ ಮನೆಗೆ ಬರಲಾಗದಿದ್ದರೆ ತಾಯಿ ಮಗಳ ಮನೆಗೆ ಹೋಗಬೇಕು.

ಆದರೆ ಹೋಗುವುದು ಹೇಗೆ?

ರುಖಿಯಾಳ ಗಂಡ ಮೊಯ್ದೀನ್‌ಕುಟ್ಟಿ ದರ್ಜಿ. ಬುರೈಮಿಯಲ್ಲಿ ಎಲ್ಲರಿಗೂ ಮೊಯ್ದುಕ್ಕ, ಅಂದರೆ ಮೊಯ್ದು ಅಣ್ಣ; ಹೆಂಡತಿಗೆ ಬರೀ ಇಕ್ಕ. ಒಮಾನಿಗಳು ಉಡುವ ಉದ್ದನೆಯ ಬಿಳಿ ಅಂಗಿ ದಿಶ್‌ದಾಶ ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಆ ಅಂಗಿಯ ಕೊರಳಲ್ಲಿ ಒಂದು ಪುಟ್ಟ ಕುಚ್ಚು ಇಳಿಬಿದ್ದಿರುತ್ತದೆ. ಮೊಯ್ದುಕ್ಕ ಹೆಣೆದ ಕುಚ್ಚೇ ಬೇಕು ಅಂತ ಹುಡುಕಿಕೊಂಡು ಬರುವವರಿದ್ದಾರೆ. ಬಕ್ರೀದಿಗೆ ಇನ್ನು ಎರಡು ವಾರ. ಅಂಗಡಿಯಲ್ಲಿ ಕತ್ತರಿಸಿಟ್ಟ ಬಟ್ಟೆಯ ರಾಶಿ ಕಿಟಕಿಯ ಎತ್ತರಕ್ಕೆ ಬಂದಿತ್ತು.

"ಇಕ್ಕಾ, ಅರ್ಜಿ ಬರೆದುಕೊಡೋ ಟೈಪಿಂಗ್ ಸೆಂಟರಿನ ಪ್ರಸನ್ನ ಚೇಚಿಯನ್ನ, ಆ ಅಕ್ಕನ್ನ ಒಂದು ಮಾತು ಕೇಳೋಣ," ಅಂದಳು ರುಖಿಯಾ. "ಕಾಗದ ತಂದು ತೋರ್ಸು, ನೋಡಿ ಹೇಳ್ತೀನಿ ಅಂದ್ರು ಮೊನ್ನೆ."

ಮೊಯ್ದುಕ್ಕ ನಕ್ಕುಬಿಟ್ಟ. "ಟೈಪಿಂಗ್ ಸೆಂಟರಿನವ್ರಿಗೆ ಎಲ್ಲದಕ್ಕೂ ಕಾಗದ ಬೇಕು. ರುಖೀ, ತೊಂಬತ್ತರಲ್ಲಿ ನಾನು ಬಂದಾಗ ಇಲ್ಲಿ ಬೇಲಿ ಎಲ್ಲಿತ್ತು? ಸೈಕಲ್ಲಿಗೆ ಹತ್ತು ಅಂಗಿ ಕಟ್ಕೊಂಡು ಅಲ್ ಐನ್‌ಗೆ ಹೋಗಿ ಕೊಟ್ಟು, ಅಲ್ಲೇ ಚಹಾ ಕುಡಿದು ವಾಪಸ್ ಬರ್ತಿದ್ದೆ. ಒಬ್ಬ ಪೊಲೀಸಪ್ಪನಾದ್ರೂ ಯಾರು ನೀನು ಅಂತ ಕೇಳಿದ್ರೆ ಹೇಳು!"

"ಅದು ಆಗಿನ ಮಾತು."

"ಈಗಲೂ ಏನಿಲ್ಲ ಮಾರಾಯ್ತಿ. ಪಕ್ಕದ ಬೀದಿಗೆ ಹೋದ ಹಾಗೆ. ಕೊಲ್ಲಿಯಲ್ಲಿ ಕೆಲಸದ ಕಾರ್ಡು ಇರೋರಿಗೆ ಆನ್‌ಲೈನ್‌ನಲ್ಲೇ ವೀಸಾ ಕೊಡ್ತಾರೆ. ಕಬೀರನಿಗೆ ಹೇಳಿದ್ದೀನಿ, ಅವನು ಹಾಕಿಕೊಡ್ತಾನೆ."

ಕಬೀರ ಕೆಳಮನೆಯವನು. ತಿಂಗಳಿಗೊಮ್ಮೆ ಹೆಂಡತಿ ಜಮೀಲಾ, ಮಕ್ಕಳನ್ನು ಕಟ್ಟಿಕೊಂಡು ಕಾರಿನಲ್ಲಿ ಅಲ್ ಐನ್‌ಗೆ ಹೋಗಿಬರುವವನು. ಅವನು ಫೋನಿನಲ್ಲೇ ಇಬ್ಬರಿಗೂ ಅರ್ಜಿ ಹಾಕಿದ. ನಿಯಮಗಳ ಪುಟ ಬಂದಾಗ ಬೆರಳಲ್ಲಿ ಸರ್ರನೆ ಕೆಳಕ್ಕೆ ಜಾರಿಸಿ, 'ಒಪ್ಪಿದ್ದೇನೆ' ಅನ್ನುವ ಚೌಕದ ಮೇಲೆ ಒತ್ತಿದ. ನಾವೆಲ್ಲ ಮಾಡುವುದೂ ಅದೇ ತಾನೆ? ಕೆಲವೇ ದಿನಗಳಲ್ಲಿ ಎರಡೂ ವೀಸಾ ಬಂದವು.

"ನೋಡಿದ್ಯಾ?" ಮೊಯ್ದುಕ್ಕ ಕಾಗದ ಆಡಿಸಿ ತೋರಿಸಿದ. "ಶುಕ್ರವಾರ ಕಬೀರನ ಕಾರಲ್ಲಿ ನೀನು ಹೋಗು. ಹಬ್ಬ ಮುಗಿದ ಮಾರನೇ ದಿನ ನಾನೂ ಬಂದುಬಿಡ್ತೀನಿ."

"ನೀವಿಲ್ದೆ ನಾನೊಬ್ಬಳೇ...?"

"ಕಬೀರ ಇದ್ದಾನೆ, ಜಮೀಲಾ ಇದ್ದಾಳೆ. ವೀಸಾ ಕೈಲಿದೆ. ಇನ್ನೇನು ಬೇಕು?"

ರುಖಿಯಾಳಿಗೆ ಅಷ್ಟು ನಂಬಿಕೆ ಬರಲಿಲ್ಲ. ಆದರೆ ಮಗಳ ಮುಖ ನೋಡುವ ಆಸೆ ಆ ಅನುಮಾನವನ್ನು ಅದುಮಿಬಿಟ್ಟಿತು.

ಶುಕ್ರವಾರ ಬೆಳಿಗ್ಗೆ ಎಣ್ಣೆಯ ಬಾಟಲಿ, ಹುರಿದ ಹಿಟ್ಟಿನ ಡಬ್ಬ, ಹಳೆಯ ಮೆತ್ತನೆ ಸೀರೆ ಹರಿದು ಹೊಲಿದ ಮಗುವಿನ ಬಟ್ಟೆಗಳು, ಎಲ್ಲವನ್ನೂ ಚೀಲಕ್ಕೆ ತುಂಬಿ ಕಬೀರನ ಕಾರು ಹತ್ತಿದಳು. ಹತ್ತಿರದ ಗೇಟು ಕೊಲ್ಲಿ ದೇಶಗಳ ಪ್ರಜೆಗಳಿಗೆ. ಇವರಂಥವರು ಸುತ್ತಿಬಳಸಿ ಬೇರೆ ಚೆಕ್‌ಪೋಸ್ಟಿಗೆ ಹೋಗಬೇಕು. ಒಮಾನಿನ ಕಡೆ ಏನೂ ತೊಂದರೆಯಾಗಲಿಲ್ಲ. ಆಚೆ ಕಡೆಯ ಕೌಂಟರಿನಲ್ಲಿ ಒಬ್ಬ ಎಳೆ ವಯಸ್ಸಿನ ಅಧಿಕಾರಿ ಕೂತಿದ್ದ. ಕಬೀರನ ಮನೆಯವರ ಪಾಸ್‌ಪೋರ್ಟಿಗೆ ಟಪಟಪನೆ ಮುದ್ರೆ ಬಿತ್ತು. ರುಖಿಯಾಳ ಒಮಾನ್ ವಾಸದ ಕಾರ್ಡು ಹಿಡಿದು ಅವನು ಪರದೆ ನೋಡಿದ, ಮತ್ತೆ ಅವಳ ಮುಖ ನೋಡಿದ.

"ಗಂಡ ಎಲ್ಲಿ?" ಅಂದ ಹರಕುಮುರುಕು ಹಿಂದಿಯಲ್ಲಿ.

ಕಬೀರ ಮುಂದೆ ಬಂದ. "ಅಂಗಡಿಯಲ್ಲಿದ್ದಾರೆ ಸಾರ್. ಹಬ್ಬದ ಕೆಲಸ. ಆಮೇಲೆ ಬರ್ತಾರೆ."

"ಹಾಗಾದ್ರೆ ಇವರೂ ಆಮೇಲೇ ಬರಲಿ."

"ವೀಸಾ ಇದೆಯಲ್ಲ ಸಾರ್?"

"ವೀಸಾ ಇದೆ. ಗಂಡ ಇಲ್ಲ. ಇವರು ಒಮಾನಿನಲ್ಲಿ ಇರೋದು ಗಂಡನ ಹೊಣೆ ಮೇಲೆ, ಗಂಡನೇ ಸ್ಪಾನ್ಸರ್. ಸ್ಪಾನ್ಸರ್ ಜೊತೆ ಬಂದ್ರೆ ಬಿಡ್ತೀನಿ. ಬೇರೆಯವರ ಜೊತೆ ಬಿಡೋ ಹಾಗಿಲ್ಲ."

ರುಖಿಯಾಳಿಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅವನ ಮುಖ ನೋಡಿ ತಿಳಿಯಿತು. "ಮೋನೇ, ಮಗನ ಹಾಗಿದ್ದೀಯ, ನನ್ನ ಮಗಳಿಗೆ ಹೆರಿಗೆ. ಚೊಚ್ಚಲ," ಅಂದಳು ಮಲಯಾಳಂನಲ್ಲೇ, ಕೈಯಲ್ಲಿ ಹೊಟ್ಟೆ ತೋರಿಸಿ. ಅವನು ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ನೀರು ತರಿಸಿದ, "ಉಮ್ಮೀ, ನಿಯಮ," ಅಂದ. ಆದರೆ ಮುದ್ರೆ ಒತ್ತಲಿಲ್ಲ.

ಆಚೆ ಕಡೆ ಅಳಿಯ ನವಾಸ್ ಕಾರು ತಂದು ಕಾಯುತ್ತಿದ್ದ. ರುಖಿಯಾ ಫೋನಿನಲ್ಲಿ ಅವನಿಗೆ ಸುದ್ದಿ ಹೇಳಿದಳು. ಅವನ ಪಕ್ಕದಲ್ಲೇ ಸಜ್ನಾ ಕೂತಿದ್ದಳಂತೆ, ಉಮ್ಮನನ್ನು ಕರೆದುಕೊಂಡು ಹೋಗಲು ಆ ತುಂಬಿದ ಹೊಟ್ಟೆಯಲ್ಲೇ ಬಂದಿದ್ದಳಂತೆ. ಮಗಳು ಅಳುವುದು ಫೋನಿನಲ್ಲಿ ಕೇಳಿಸಿತು. ರುಖಿಯಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕೂತಳು. ಪಾಪ, ಕಬೀರನೂ ಅಲ್ ಐನ್ ಆಸೆ ಬಿಟ್ಟು ಮಕ್ಕಳ ಗಲಾಟೆಯ ನಡುವೆ ಕಾರು ತಿರುಗಿಸಿದ.

"ನಂಗೆ ನಿಜವಾಗಿ ಗೊತ್ತಿರ್ಲಿಲ್ಲ ಅಕ್ಕಾ," ಅಂದ ದಾರಿಯಲ್ಲಿ. "ಜಮೀಲಾ ಯಾವಾಗ್ಲೂ ನನ್ನ ಜೊತೇಲೇ ಬರ್ತಾಳೆ. ಅದಕ್ಕೇ ನಮ್ಮನ್ನ ಯಾರೂ ಕೇಳಿರ್ಲಿಲ್ಲ."

ಮನೆಗೆ ಬಂದಾಗ ಮೊಯ್ದುಕ್ಕ ಕೂಗಾಡಿದ. ಆ ಅಧಿಕಾರಿಗೆ ಬುದ್ಧಿಯಿಲ್ಲ, ಎಲ್ಲ ಇವರ ದರ್ಬಾರು, ಮುಂದಿನ ಶುಕ್ರವಾರ ಬೇರೆ ಅಧಿಕಾರಿ ಇರುವಾಗ ಹೋದರಾಯಿತು ಅಂದ. ರುಖಿಯಾ ಕಾಯಲಿಲ್ಲ. ಶನಿವಾರ ಬೆಳಗಾಗುತ್ತಲೇ ಕಾಗದಗಳನ್ನು ಎತ್ತಿಕೊಂಡು ಸೀದಾ ಟೈಪಿಂಗ್ ಸೆಂಟರಿಗೆ ನಡೆದಳು.

ಪ್ರಸನ್ನ ಪಾಲಕ್ಕಾಡಿನ ಹೆಂಗಸು. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಊರಿನವರ ಅರ್ಜಿಗಳನ್ನು ಬೆರಳಚ್ಚು ಮಾಡಿದವಳು. ಯಾರ ಕಾರ್ಡು ಯಾವಾಗ ಮುಗಿಯುತ್ತದೆ ಅನ್ನುವುದು ಅವರಿಗಿಂತ ಮೊದಲು ಅವಳಿಗೆ ನೆನಪಾಗುತ್ತದೆ. ಕಾಗದ ನೋಡಿ ಕನ್ನಡಕ ತೆಗೆದಿಟ್ಟಳು.

"ರುಖಿಯಾ, ಆ ಹುಡುಗ ಮಾಡಿದ್ದು ಸರಿಯಾಗೇ ಇದೆ. ಬೇರೆ ಯಾರು ಕೂತಿದ್ರೂ ಇದೇ ಹೇಳ್ತಿದ್ರು. ನಡಿ, ಮೊಯ್ದುಕ್ಕನ ಹತ್ರ ಹೋಗೋಣ. ಇದನ್ನ ನಿಂಗೆ ಹೇಳಿ ಉಪಯೋಗ ಇಲ್ಲ."

ಅಂಗಡಿಯಲ್ಲಿ ಎರಡು ಯಂತ್ರ ಗಡಗಡ ಓಡುತ್ತಿದ್ದವು. ಒಂದರ ಮುಂದೆ ಮೊಯ್ದುಕ್ಕ, ಇನ್ನೊಂದರ ಮುಂದೆ ಚಿತ್ತಗಾಂಗಿನ ಶಫೀಕ್, ಹನ್ನೆರಡು ವರ್ಷದಿಂದ ಜೊತೆಗೆ ಹೊಲಿಯುವವನು. ಪ್ರಸನ್ನ ಬಾಗಿಲಲ್ಲಿ ನಿಂತಾಗ ಮೊಯ್ದುಕ್ಕ ಯಂತ್ರದ ಪೆಡಲಿನಿಂದ ಕಾಲು ತೆಗೆದ.

"ಬನ್ನಿ ಬನ್ನಿ. ನನಗೆ ಪಾಠ ಹೇಳೋಕೆ ಬಂದ್ರಾ?"

"ಹೂಂ, ಅದಕ್ಕೇ ಬಂದೆ. ಕೂತು ಕೇಳಿ."

"ಇದೆಂಥ ಕಾನೂನು ಹೇಳಿ! ಹೆಂಗಸು ಅಂದ್ರೆ ಒಬ್ಬಳೇ ಎಲ್ಲೂ ಹೋಗಬಾರದಾ?"

"ಹೆಂಗಸು ಗಂಡಸು ಅಂತ ಅಲ್ಲ ಮೊಯ್ದುಕ್ಕಾ. ನಾನೂ ಹೆಂಗಸೇ. ನನ್ನ ಕಾರ್ಡು ನನ್ನ ಕೆಲಸದ್ದು, ಅದಕ್ಕೇ ನಾನು ಒಬ್ಬಳೇ ಹೋಗಿ ಬರ್ತೀನಿ. ರುಖಿಯಾ ಕಾರ್ಡು ನಿಮ್ಮ ಬಾಲ ಹಿಡ್ಕೊಂಡು ಬಂದಿರೋದು. ನಿಮಗೊಬ್ಬ ಮಗ ಇದ್ದು ಅವನೂ ನಿಮ್ಮ ಸ್ಪಾನ್ಸರ್ ಮೇಲೆ ಇದ್ದಿದ್ರೆ ಅವನಿಗೂ ಇದೇ ಮಾತು. ಮೂಲದ ಕಾರ್ಡು ಜೊತೆಗಿದ್ರೆ ಮಾತ್ರ ಬಾಲಕ್ಕೆ ದಾರಿ."

ಶಫೀಕ್ ಕಿಸಕ್ಕನೆ ನಕ್ಕ. ಮೊಯ್ದುಕ್ಕ ಅವನತ್ತ ಕಣ್ಣು ಬಿಟ್ಟ.

"ಮತ್ತೆ ವೀಸಾ ಯಾಕೆ ಕೊಟ್ರು?"

"ನೀವಿಬ್ರೂ ಜೊತೆಗೆ ಅರ್ಜಿ ಹಾಕಿದ್ರಿ, ಜೊತೆಗೆ ಬರ್ತೀರಿ ಅಂತ ಕೊಟ್ರು. ಈ ಮಾತು ಅವರ ಜಾಲತಾಣದಲ್ಲೇ ಬರೆದಿದೆ, ಕಬೀರ ಓದದೆ ಒತ್ತಿದ ಪುಟದಲ್ಲೇ. ವೀಸಾ ಅಂದ್ರೆ ಬಾಗಿಲಿನವರೆಗೆ ಬರೋಕೆ ಕರೆ ಅಷ್ಟೆ. ಒಳಗೆ ಬಿಡೋದು ಬಿಡದೇ ಇರೋದು ಬಾಗಿಲಲ್ಲಿ ನೋಡಿ ಹೇಳ್ತಾರೆ."

ಪ್ರಸನ್ನಳ ಕಣ್ಣು ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಇನ್ನೊಂದು ಕಾಗದದ ಮೇಲೆ ಬಿತ್ತು. "ಇದೇನಿದು?"

ಮೊಯ್ದುಕ್ಕನ ಮುಖ ಅರಳಿತು. "ನಮ್ಮ ಯಜಮಾನ್ರು ನನ್ನ ಕೆಲಸದ ಹೆಸರು ಬದಲಾಯಿಸ್ತಿದ್ದಾರೆ. ಮೂವತ್ತು ವರ್ಷ ಕಾರ್ಡಲ್ಲಿ ದರ್ಜಿ ಅಂತಿತ್ತು. ಇನ್ನು ಮೇಲೆ ಅಂಗಡಿ ಮೇಲ್ವಿಚಾರಕ! ನಾಳೆ ಕೊಡ್ಬೇಕು."

"ಸದ್ಯ, ಇನ್ನೂ ಕೊಟ್ಟಿಲ್ಲ!" ಪ್ರಸನ್ನ ಆ ಕಾಗದವನ್ನು ಬಟ್ಟೆಯ ರಾಶಿಯ ಕೆಳಗೆ ತುರುಕಿದಳು. "ಕೊಟ್ಟಿದ್ರೆ ನಿಮ್ಮ ವೀಸಾನೂ ನೀರಲ್ಲಿ ಹೋಮ ಆಗ್ತಿತ್ತು. ಅರ್ಜಿಯಲ್ಲಿ ದರ್ಜಿ ಅಂತ ಇದೆ. ವೀಸಾ ಬಂದ ಮೇಲೆ ಕಾರ್ಡಲ್ಲಿ ಕೆಲಸದ ಹೆಸರು ಬದಲಾದ್ರೆ ಒಳಗೆ ಬಿಡಲ್ಲ. ಮೊಮ್ಮಗುವಿನ ಮುಖ ನೋಡಿ ಬಂದ ಮೇಲೆ ಮೇಲ್ವಿಚಾರಕರಾಗಿ, ನಾನೇ ಬೆರಳಚ್ಚು ಮಾಡಿಕೊಡ್ತೀನಿ."

ಮೊಯ್ದುಕ್ಕ ಬಟ್ಟೆಯ ರಾಶಿಯ ಕಡೆ ನೋಡಿದ. "ಸರಿ, ಹಾಗಾದ್ರೆ ಹಬ್ಬ ಆದ ಮೇಲೆ ಇಬ್ರೂ ಹೋಗೋಣ," ಅಂದ. "ಇಪ್ಪತ್ತೆರಡಕ್ಕೆ ಇನ್ನೂ ಟೈಮಿದೆ. ಇಲ್ಲಿ ಅರವತ್ತನಾಲ್ಕು ಅಂಗಿ ಬಾಕಿ ಇದೆ ಚೇಚೀ. ಹಬ್ಬದ ದಿನ ಒಬ್ಬ ಹೊಸ ಅಂಗಿ ಇಲ್ದೆ ಮಸೀದಿಗೆ ಹೋದ್ರೂ ನನ್ನ ಮಾನ ಹೋಯ್ತು."

ಅಲ್ಲಿಯವರೆಗೆ ಗೋಡೆಗೊರಗಿ ನಿಂತಿದ್ದ ರುಖಿಯಾ ಆಗ ಬಾಯಿ ತೆರೆದಳು.

"ಸಜ್ನಾ ಹುಟ್ಟಿದಾಗಲೂ ಹಬ್ಬದ ಹೊಲಿಗೆ ಅಂದಿದ್ರಿ ಇಕ್ಕಾ."

ಶಫೀಕ್ ತನ್ನ ಯಂತ್ರ ನಿಲ್ಲಿಸಿದ.

"ಕಾಗದ ಬರೆದಿದ್ರಿ, ನನಗಿನ್ನೂ ನೆನಪಿದೆ. ಹಬ್ಬ ಮುಗಿದ ಮೇಲೆ ಬರ್ತೀನಿ ಅಂತ. ನೀವು ಬಂದಾಗ ಅವಳಿಗೆ ಎರಡೂವರೆ ವರ್ಷ. ನಿಮ್ಮನ್ನ ನೋಡಿ ಚೀರಿ ನನ್ನ ಹಿಂದೆ ಅಡಗಿಕೊಂಡ್ಳು. ಹುಟ್ಟಿದ ಕೂಡ್ಲೇ ಅವಳ ಕಿವಿಯಲ್ಲಿ ನೀವು ಹೇಳಬೇಕಾದ ಬಾಂಗ್ ಹೇಳಿದ್ದು ನಿಮ್ಮಣ್ಣ. ನಾನು ಯಾವತ್ತೂ ಒಂದು ಮಾತು ಅಂದಿಲ್ಲ. ಹೊಟ್ಟೆಪಾಡು ಅಂತ ನಾನೂ ನುಂಗಿಕೊಂಡೆ. ಆದ್ರೆ ನಿನ್ನೆ ಆ ಚೆಕ್‌ಪೋಸ್ಟಲ್ಲಿ ಅವಳು ಅಳೋದು ಕೇಳಿದ ಮೇಲೆ ನುಂಗೋಕಾಗ್ತಿಲ್ಲ."

ಶಫೀಕ್ ಎದ್ದು ಮೊಯ್ದುಕ್ಕನ ಯಂತ್ರದಿಂದ ಅರ್ಧ ಹೊಲಿದ ಅಂಗಿಯನ್ನು ಬಿಡಿಸಿಕೊಂಡ.

"ಭಾಯಿ, ಅಂಗಿಯ ಮೈ ಹೊಲಿಯೋದು ನನಗೆ ಬಿಡಿ. ಊರಿನ ಜನ ಕೇಳೋದು ನಿಮ್ಮ ಕುಚ್ಚನ್ನ. ಇವತ್ತು ಕೂತು ಕುಚ್ಚು ಅಷ್ಟನ್ನೂ ಹೆಣೆದುಕೊಟ್ಟು ಹೋಗಿ. ಹಚ್ಚೋದು ನಂಗೆ ಬರುತ್ತೆ."

"ನಿನ್ನ ಕೈಲಿ ಆಗುತ್ತೇನೋ ಅಷ್ಟೂ?"

"ನೀವು ತಪ್ಪು ಹುಡುಕೋಕೆ ಪಕ್ಕದಲ್ಲಿ ಇಲ್ದಿದ್ರೆ ಇನ್ನೂ ಬೇಗ ಆಗುತ್ತೆ."

ಆ ಮಾತಿಗೆ ಮೊಯ್ದುಕ್ಕನಿಗೂ ನಗು ಬಂತು. ಕಣ್ಣೊರೆಸಿಕೊಂಡು ದಾರದ ಉಂಡೆ ತೆಗೆದ. ಆ ಮಧ್ಯಾಹ್ನವೆಲ್ಲ ಅವನು ಕುಚ್ಚು ಹೆಣೆದ, ರುಖಿಯಾ ಪಕ್ಕದಲ್ಲಿ ಕೂತು ದಾರ ಹುರಿ ಮಾಡಿಕೊಟ್ಟಳು. ಪ್ರಸನ್ನ ಹೋಗುವ ಮುಂಚೆ ಇಬ್ಬರ ಕಾರ್ಡು, ಪಾಸ್‌ಪೋರ್ಟು ತಿರುಗಿಸಿ ತಿರುಗಿಸಿ ನೋಡಿದಳು. ಯಾವುದು ಎಂದಿನವರೆಗೆ, ವೀಸಾ ಬಂದು ಎಷ್ಟು ದಿನವಾಯಿತು, ಎಷ್ಟು ದಿನದೊಳಗೆ ದಾಟಬೇಕು, ಎಷ್ಟು ದಿನ ಇರಬಹುದು, ಎಲ್ಲವನ್ನೂ ಲಕೋಟೆಯ ಮೇಲೆ ಬರೆದುಕೊಟ್ಟಳು.

"ನಲವತ್ತು ದಿನ ಇರ್ತೀನಿ ಅಂತ ಕೂತುಬಿಡ್ಬೇಡ ರುಖಿಯಾ," ಅಂತ ಎಚ್ಚರಿಸಿದಳು. "ಕೊಟ್ಟಿರೋ ದಿನ ಮುಗಿಯೋ ಮುಂಚೆ ನಂಗೆ ಫೋನ್ ಮಾಡು. ಮುಂದುವರಿಸೋಕೆ ಆಗುತ್ತಾ ಅಂತ ಕೇಳೋಣ. ಆಗದಿದ್ರೆ ಎದ್ದು ಬಾ. ಒಂದು ದಿನ ಹೆಚ್ಚಾದ್ರೂ ನಾಳೆ ಇನ್ನೊಂದು ಸಲ ಹೋಗೋ ದಾರಿಗೆ ಕಲ್ಲು ಬೀಳುತ್ತೆ."

ಸೋಮವಾರ ಹೊರಡುವುದು ಅಂತ ಮಾತಾಯಿತು. ಆದರೆ ಮಗು ಕಾಯಬೇಕಲ್ಲ! ಭಾನುವಾರ ಬೆಳಿಗ್ಗೆ ಇನ್ನೂ ಚಹಾ ಕುದಿಯುತ್ತಿರುವಾಗಲೇ ನವಾಸನ ಫೋನು ಬಂತು. ಬಿಪಿ ಏರಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ, ಇವತ್ತೇ ಆಗಬಹುದು ಅಂತಿದ್ದಾರೆ ಅಂದ. ರುಖಿಯಾ ಒಲೆ ಆರಿಸಿದಳು. ಚೀಲ ಹೇಗೂ ಬಾಗಿಲಲ್ಲೇ ಇತ್ತು. ಕಬೀರ ಅಂಗಿಯ ಗುಂಡಿ ಕೂಡ ಹಾಕಿಕೊಳ್ಳದೆ ಕಾರು ತೆಗೆದ.

ಕೌಂಟರಿನಲ್ಲಿ ಅದೇ ಎಳೆಯ ಅಧಿಕಾರಿ. ರುಖಿಯಾಳನ್ನು ನೋಡಿ ಗುರುತು ಹಿಡಿದ. ಅವಳ ಪಕ್ಕ ನಿಂತವನನ್ನು ನೋಡಿದ.

"ಇವತ್ತು ಗಂಡ ಬಂದಿದ್ದಾರೆ," ಅಂದ, ಮೀಸೆಯಡಿ ನಗುತ್ತ. ಕಾರ್ಡು ನೋಡಿ ಮೊಯ್ದುಕ್ಕನನ್ನು ಕೇಳಿದ: "ಏನು ಕೆಲಸ?"

"ದರ್ಜಿ," ಅಂದ ಮೊಯ್ದುಕ್ಕ. ಮೂವತ್ತು ವರ್ಷದಲ್ಲಿ ಆ ಮಾತನ್ನು ಅಷ್ಟು ಗಟ್ಟಿಯಾಗಿ ಅವನು ಹೇಳಿರಲಿಲ್ಲ.

ಎರಡು ಮುದ್ರೆ ಬಿದ್ದವು.

ಹನ್ನೊಂದೂವರೆಗೆ ಹೆಣ್ಣು ಮಗು ಹುಟ್ಟಿತು. ಹೆರಿಗೆ ಕೋಣೆಗೆ ಹೋಗುವ ಮುಂಚೆ ಸಜ್ನಾ ಉಮ್ಮನ ಕೈಯನ್ನು ಉಗುರು ಊರುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಆ ಗುರುತನ್ನು ಸವರುತ್ತ ರುಖಿಯಾ ಹೊರಗೆ ಕೂತಿದ್ದಾಗ ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ನವಾಸ್ ಮಗುವನ್ನು ಎತ್ತಿಕೊಂಡು ಮುದ್ದಿಸಿ, ಮಾವನ ಕಡೆ ಚಾಚಿದ.

"ಉಪ್ಪಾ, ಬಾಂಗ್ ನೀವೇ ಹೇಳಿ. ಸಜ್ನಾ ಒಳಗೆ ಹೋಗುವಾಗಲೇ ಹೇಳಿದ್ದಾಳೆ, ಉಪ್ಪ ಬಂದ್ರೆ ಉಪ್ಪನೇ ಹೇಳ್ಬೇಕು ಅಂತ."

ಮೊಯ್ದುಕ್ಕ ಮಗುವನ್ನು ತೆಗೆದುಕೊಂಡು ಅದರ ಬಲಗಿವಿಯ ಹತ್ತಿರ ಬಾಯಿ ತಂದ. ಮೊದಲ ಮಾತಿಗೇ ದನಿ ಒಡೆಯಿತು. ನಿಲ್ಲಿಸಿ, ಉಗುಳು ನುಂಗಿ, ಮತ್ತೆ ಮೊದಲಿನಿಂದ ಶುರುಮಾಡಿದ. ಮುಗಿಸುವ ಹೊತ್ತಿಗೆ ಅವನ ಗಡ್ಡ ಒದ್ದೆಯಾಗಿತ್ತು.

"ರುಖೀ," ಅಂದ ಮೆಲ್ಲಗೆ, "ಆ ಚೆಕ್‌ಪೋಸ್ಟಿನ ಹುಡುಗನ್ನ ನಾನು ಬಾಯಿಗೆ ಬಂದ ಹಾಗೆ ಬೈದೆ. ಮೊನ್ನೆ ಅವನು ನಿನ್ನೊಬ್ಬಳನ್ನೇ ಬಿಟ್ಟಿದ್ರೆ ಈಗ ನಾನೆಲ್ಲಿರ್ತಿದ್ದೆ?"

"ಅಂಗಡಿಯಲ್ಲಿ," ಅಂದಳು ರುಖಿಯಾ. ಮಗುವನ್ನು ಅವನ ಕೈಯಿಂದ ತೆಗೆದುಕೊಳ್ಳಲು ಹೋದವಳು, ಯಾಕೋ ಇನ್ನೊಂದು ಗಳಿಗೆ ಅಲ್ಲೇ ಇರಲಿ ಅಂತ ಕೈ ಹಿಂದೆಗೆದಳು.

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮವರಲ್ಲಿ ಯಾರಾದರೂ ಕೊಲ್ಲಿಯಲ್ಲಿದ್ದಾರೆಯೇ? ಅವರಿಗೆ ಈ ಕಥೆ ಓದಿ ಹೇಳಿ. ಒಂದು ದೇಶದ ಕಾರ್ಡು ಪಕ್ಕದ ದೇಶಕ್ಕೆ ತಾನಾಗಿಯೇ ಬಾಗಿಲು ತೆರೆಯುವುದಿಲ್ಲ, ವೀಸಾ ಬೇರೆ ಬೇಕು. ಹೆಂಡತಿ ಮಕ್ಕಳು ನಿಮ್ಮ ಸ್ಪಾನ್ಸರ್ ಮೇಲಿದ್ದರೆ, ನಿಮ್ಮನ್ನು ಬಿಟ್ಟು ಅವರು ದಾಟಬಹುದೇ ಅಂತ ಮೊದಲೇ ಕೇಳಿ. ವೀಸಾ ಕೈಗೆ ಬಂದ ಮೇಲೆ ಕೆಲಸದ ಹೆಸರು ಬದಲಿಸುವ ಆತುರ ಬೇಡ. ಕಾರ್ಡಿನಲ್ಲೂ ಪಾಸ್‌ಪೋರ್ಟಿನಲ್ಲೂ ಇನ್ನು ಎಷ್ಟು ತಿಂಗಳು ಬಾಕಿ ಇರಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಹೋದ ವರ್ಷ ಗೆಳೆಯ ಹೋಗಿಬಂದ ಅಂತ ಈ ವರ್ಷ ಹೊರಡಬೇಡಿ. ನೀವು ಹೋಗುವ ದೇಶದ ಸರ್ಕಾರದ ಜಾಲತಾಣದಲ್ಲೇ ನೋಡಿ. ಓದಲು ಬಾರದಿದ್ದರೆ ಪ್ರಸನ್ನಳಂಥವರು ನಿಮ್ಮ ಬೀದಿಯಲ್ಲೂ ಇದ್ದಾರೆ, ಅವರ ಮುಂದೆ ಕಾಗದ ಇಟ್ಟು ಕೇಳಲು ನಾಚಬೇಡಿ.

ಈಗಲೇ ಎದ್ದು, ಪೆಟ್ಟಿಗೆಯಲ್ಲಿರುವ ಆ ಕಾರ್ಡು ತೆಗೆದು, ಎಂದಿನವರೆಗೆ ಇದೆ ಅಂತ ನೋಡಿಬಿಡಿ. ಬೇಲಿಯಾಚೆ ನಿಮಗಾಗಿ ಕಾಯುತ್ತಿರುವವರನ್ನು ಚೆಕ್‌ಪೋಸ್ಟಿನಲ್ಲಿ ಅಳುವಂತೆ ಮಾಡಬೇಡಿ.